ಡ್ರೈವರ್ ಇಲ್ಲದ ಕಾರು, ನೆಟ್ ಇರೋ ಕಾರು: ಪದೇ ಪದೇ ಕೇಳುವ ಪ್ರಶ್ನೆಗಳು

ಹನ್ನೊಂದು ವರ್ಷದಿಂದ ಬೆಂಗಳೂರಲ್ಲಿ ಕಾರಿನ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ಕೊಂಡಿದೀನಿ. ಊರಿಗೆ ಹೋಗಿ ಮದುವೆ ಮನೇಲಿ ಪಂಕ್ತಿಗೆ ಕೂತ್ರೆ ಸಾಕು, ಎಲೆಗೆ ಉಪ್ಪು ಬೀಳೋಕೆ ಮುಂಚೆನೇ ಯಾರಾದ್ರೂ ಒಬ್ರು ಶುರು ಮಾಡ್ತಾರೆ, "ಅಲ್ಲಪ್ಪಾ, ಆ ಡ್ರೈವರ್ ಇಲ್ದಿರೋ ಕಾರು..." ಅಂತ. ಹೇಳಿ ಹೇಳಿ ಸಾಕಾಗಿ ಎಲ್ಲಾ ಒಂದೇ ಕಡೆ ಬರೆದಿಟ್ಟಿದೀನಿ. ಇನ್ಮೇಲೆ ಕೇಳಿದೋರಿಗೆ ಇದನ್ನೇ ಕಳಿಸೋದು.

ಡ್ರೈವರ್ ಇಲ್ಲದ ಕಾರು ಯಾವಾಗ ಬರುತ್ತೆ?

ಬಂದು ವರ್ಷಗಳೇ ಆಯ್ತು. ಅಮೆರಿಕದ ಫೀನಿಕ್ಸ್‌ನಲ್ಲಿ 2020ರ ಅಕ್ಟೋಬರ್‌ನಿಂದ ಯಾರು ಬೇಕಾದ್ರೂ ಆ್ಯಪ್‌ನಲ್ಲಿ ವೇಮೋ ಅನ್ನೋ ಕಂಪನಿಯ ಟ್ಯಾಕ್ಸಿ ಕರೀಬಹುದು, ಬಂದು ನಿಲ್ಲುತ್ತೆ, ಡ್ರೈವರ್ ಸೀಟು ಖಾಲಿ, ಸ್ಟೇರಿಂಗ್ ಅದರಷ್ಟಕ್ಕೆ ಅದು ತಿರುಗ್ತಾ ಇರುತ್ತೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2024ರ ಜೂನ್‌ನಲ್ಲಿ ವೇಟಿಂಗ್ ಲಿಸ್ಟ್ ತೆಗೆದು ಎಲ್ಲರಿಗೂ ಬಿಟ್ರು. 2025ರ ಏಪ್ರಿಲ್ ಹೊತ್ತಿಗೆ ವೇಮೋಗೆ ವಾರಕ್ಕೆ ಎರಡೂವರೆ ಲಕ್ಷ ಬಾಡಿಗೆ ಆಗ್ತಿತ್ತು, ಜನ ದುಡ್ಡು ಕೊಟ್ಟು ಹೋಗಿರೋದು ಅದು, ಡೆಮೊ ಅಲ್ಲ. ಚೀನಾದ ವುಹಾನ್‌ನಲ್ಲಿ ಬೈದು ಕಂಪನಿಯ ಅಪೊಲೊ ಗೋ ಕಾರುಗಳೂ ಹೀಗೇ ಓಡಾಡ್ತಿವೆ.

ಅದಕ್ಕೇ ಯಾವಾಗ ಅಂತ ಕೇಳೋ ಬದಲು ಎಲ್ಲಿ ಅಂತ ಕೇಳಿ. ಜಾತ್ರೇಲಿ ತೇರು ನೋಡಿದೀರಲ್ಲ, ಅದೆಷ್ಟೇ ದೊಡ್ಡ ತೇರಾದ್ರೂ ರಥಬೀದಿ ಬಿಟ್ಟು ಆಚೆ ಬರಲ್ಲ. ಈ ಕಾರುಗಳಿಗೂ ಅವುಗಳದ್ದೇ ಒಂದು ರಥಬೀದಿ ಇದೆ, ಇಷ್ಟು ಏರಿಯಾ, ಇಂಥಿಂಥ ರೋಡು, ಇಷ್ಟು ಸ್ಪೀಡು, ಮಳೆ ಇಷ್ಟರ ತನಕ ಪರವಾಗಿಲ್ಲ ಅಂತ ಮೊದಲೇ ಗೆರೆ ಹಾಕಿರ್ತಾರೆ. ನಮ್ಮ ಕೆಲಸದ ಭಾಷೇಲಿ ಅದಕ್ಕೆ ಓಡಿಡಿ, ಅಂದ್ರೆ ಆಪರೇಷನಲ್ ಡಿಸೈನ್ ಡೊಮೇನ್, ಅಂತೀವಿ. ಗೆರೆ ಒಳಗೆ ಕಾರು ಗಟ್ಟಿ. ಗೆರೆ ದಾಟಿದ್ರೆ ಅದೂ ಒಂದು ಎಲ್‌ಎಲ್‌ಆರ್ ಕ್ಯಾಂಡಿಡೇಟು.

ನನ್ನ ಹೊಸ ಕಾರಲ್ಲಿ ಅಡಾಸ್ ಇದೆ. ಶೋರೂಮ್ ಹುಡುಗ ಇದು ಸೆಲ್ಫ್ ಡ್ರೈವಿಂಗ್ ಅಂದ. ಹೌದಾ?

ಅಲ್ಲ. ಖಂಡಿತ ಅಲ್ಲ. ಅಡಾಸ್ ಅಂದ್ರೆ ಡ್ರೈವರ್‌ಗೆ ನೆರವಾಗೋ ಸಿಸ್ಟಮ್, ಅಷ್ಟೇ. ಅವನಿಗೆ ಟಾರ್ಗೆಟ್ ಇರುತ್ತೆ ಪಾಪ.

ಎಸ್‌ಎಇ ಅನ್ನೋ ಇಂಜಿನಿಯರ್‌ಗಳ ಸಂಸ್ಥೆ 2014ರಲ್ಲಿ ಕಾರು ಎಷ್ಟರ ಮಟ್ಟಿಗೆ ತಾನೇ ಓಡುತ್ತೆ ಅನ್ನೋದಕ್ಕೆ ಸೊನ್ನೆಯಿಂದ 5ರ ತನಕ ಲೆವೆಲ್ ಮಾಡ್ತು. ನಮ್ಮಲ್ಲಿ 2021ರಲ್ಲಿ ಮಹೀಂದ್ರ ಎಕ್ಸ್‌ಯುವಿ700, ಎಂಜಿ ಆಸ್ಟರ್ ಬಂದ ಮೇಲೆ ಜನರ ಬಾಯಲ್ಲಿ ಅಡಾಸ್ ಅನ್ನೋ ಪದ ಶುರುವಾಗಿದ್ದು, ಅವೆಲ್ಲ ಲೆವೆಲ್ 2. ಅಂದ್ರೆ ಕಾರು ಲೇನ್ ಒಳಗೇ ಇರೋ ಹಾಗೆ ನೋಡ್ಕೊಳುತ್ತೆ, ಮುಂದಿನ ಗಾಡಿ ನೋಡಿ ಸ್ಪೀಡ್ ಕಮ್ಮಿ ಜಾಸ್ತಿ ಮಾಡುತ್ತೆ, ಬೇಕಾದಾಗ ಬ್ರೇಕ್ ಹೊಡೆಯುತ್ತೆ, ಆದ್ರೆ ಓಡಿಸ್ತಿರೋನು ನೀವೇ, ಕಣ್ಣು ರೋಡ್ ಮೇಲೇ ಇರಬೇಕು. ಲೆವೆಲ್ 3ರಲ್ಲಿ ಸ್ವಲ್ಪ ಹೊತ್ತು ಕಣ್ಣು ತೆಗೀಬಹುದು, ಕಾರು ಕರೆದಾಗ ಮಾತ್ರ ವಾಪಸ್ ಬರಬೇಕು. ಹೋಂಡಾ 2021ರಲ್ಲಿ ಜಪಾನ್‌ನಲ್ಲಿ ಬರೀ 100 ಲೆಜೆಂಡ್ ಕಾರು ಇಂಥದ್ದು ಲೀಸ್‌ಗೆ ಕೊಡ್ತು, ಮರ್ಸಿಡಿಸ್ 2022ರಲ್ಲಿ ಜರ್ಮನೀಲಿ ಕೊಡ್ತು, ಅದೂ ಹೈವೇ ಜಾಮ್‌ನಲ್ಲಿ 60 ಕಿಲೋಮೀಟರ್ ಸ್ಪೀಡ್ ಒಳಗೆ. ವೇಮೋ ಲೆವೆಲ್ 4, ಗೆರೆ ಒಳಗೆ ಡ್ರೈವರೇ ಬೇಡ. ಎಲ್ಲಾ ಕಡೆ ಎಲ್ಲಾ ಹೊತ್ತಲ್ಲೂ ಓಡೋ ಲೆವೆಲ್ 5 ಭೂಮಿ ಮೇಲೆ ಎಲ್ಲೂ ಇಲ್ಲ.

ಲೆವೆಲ್ 2ರ ಅಪಾಯ ಏನು ಗೊತ್ತಾ, ಅದು ಚೆನ್ನಾಗಿ ಕೆಲಸ ಮಾಡೋದೇ ಅಪಾಯ. ನೂರು ಕಿಲೋಮೀಟರ್ ಏನೂ ಆಗ್ದೇ ಹೋದ್ರೆ ನೂರಾ ಒಂದನೇದ್ರಲ್ಲಿ ಕೈ ತಾನಾಗೇ ಫೋನ್ ಕಡೆ ಹೋಗುತ್ತೆ. ಟೆಸ್ಲಾ ಇದೇ ವಿಷಯಕ್ಕೆ 2023ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಸುಮಾರು 20 ಲಕ್ಷ ಕಾರು ರೀಕಾಲ್ ಮಾಡಬೇಕಾಯ್ತು, ಡ್ರೈವರ್ ಗಮನ ಇದೆಯಾ ಅಂತ ಸರಿಯಾಗಿ ಚೆಕ್ ಮಾಡೋ ಹಾಗೆ ಸಾಫ್ಟ್‌ವೇರ್ ಬದಲಾಯಿಸೋಕೆ. ಅವರ "ಫುಲ್ ಸೆಲ್ಫ್ ಡ್ರೈವಿಂಗ್" ಹೆಸರಿನ ಬಾಲಕ್ಕೆ 2024ರಲ್ಲಿ "ಸೂಪರ್‌ವೈಸ್ಡ್" ಅಂತ ಅಂಟಿಸಿದ್ರು. ಫುಲ್ ಅಂತೆ, ಆದ್ರೆ ನೀವು ನೋಡ್ಕೋತಾ ಇರಬೇಕಂತೆ!

ಇದನ್ನ ಮೊದಲು ಶುರು ಮಾಡಿದ್ದು ಯಾರು? ಎಲಾನ್ ಮಸ್ಕಾ?

ಅಯ್ಯೋ ಇಲ್ಲ. ಜರ್ಮನಿಯ ಅರ್ನ್ಸ್ಟ್ ಡಿಕ್‌ಮನ್ಸ್ ಅನ್ನೋ ಪ್ರೊಫೆಸರ್ ಎಂಬತ್ತರ ದಶಕದಲ್ಲೇ ಒಂದು ಮರ್ಸಿಡಿಸ್ ವ್ಯಾನ್ ತುಂಬಾ ಕಂಪ್ಯೂಟರ್ ತುಂಬಿ ಕ್ಯಾಮೆರಾ ನೋಡಿ ಓಡೋ ಹಾಗೆ ಮಾಡಿದ್ರು. 1995ರಲ್ಲಿ ಅವರ ಟೀಮಿನ ಕಾರು ಮ್ಯೂನಿಕ್‌ನಿಂದ ಡೆನ್ಮಾರ್ಕ್‌ನ ಓಡೆನ್ಸೆಗೆ ಹೋಗಿ ಬಂತು, 1,700 ಕಿಲೋಮೀಟರ್‌ಗಿಂತ ಮೇಲೆ, ಕೆಲವು ಕಡೆ 175 ಕಿಲೋಮೀಟರ್ ಸ್ಪೀಡಲ್ಲಿ. ಆಗಿನ ಕಂಪ್ಯೂಟರ್ ಇಟ್ಕೊಂಡು. ಇವತ್ತು ನಿಮ್ಮ ಜೇಬಲ್ಲಿರೋ ಫೋನ್ ಮುಂದೆ ಅದು ಲೆಕ್ಕಕ್ಕೇ ಇಲ್ಲ, ನಂಗೆ ಈಗಲೂ ನೆನೆಸ್ಕೊಂಡ್ರೆ ಮೈ ಜುಮ್ ಅನ್ನುತ್ತೆ. ಅದೇ ವರ್ಷ ಅಮೆರಿಕದಲ್ಲಿ ಕಾರ್ನೆಗಿ ಮೆಲನ್ ಯೂನಿವರ್ಸಿಟಿಯೋರು ಪಿಟ್ಸ್‌ಬರ್ಗ್‌ನಿಂದ ಸ್ಯಾನ್ ಡಿಯಾಗೋ ತನಕ ಹೋದ್ರು, ದಾರಿಯ 98 ಪರ್ಸೆಂಟ್ ಸ್ಟೇರಿಂಗ್ ಹಿಡಿದಿದ್ದು ಕಂಪ್ಯೂಟರು, ಬ್ರೇಕು ಆಕ್ಸಿಲರೇಟರ್ ಮಾತ್ರ ಮನುಷ್ಯರದ್ದು.

ಆಮೇಲೆ ಅಮೆರಿಕ ಮಿಲಿಟರಿಯ ಡಾರ್ಪಾ ಅನ್ನೋ ಸಂಶೋಧನಾ ಸಂಸ್ಥೆಯೋರು ಡ್ರೈವರ್ ಇಲ್ಲದ ಗಾಡಿಗಳ ರೇಸ್ ಇಟ್ರು. 2004ರ ಮಾರ್ಚ್, ಮೊಹಾವಿ ಮರುಭೂಮಿ, ಸುಮಾರು 240 ಕಿಲೋಮೀಟರ್, ಗೆದ್ದೋರಿಗೆ 10 ಲಕ್ಷ ಡಾಲರ್. 15 ಗಾಡಿ ಹೊರಟವು. ಮುಗಿಸಿದ್ದು ಒಂದೂ ಇಲ್ಲ! ಎಲ್ಲಕ್ಕಿಂತ ದೂರ ಹೋದದ್ದು 12 ಕಿಲೋಮೀಟರೂ ದಾಟಲಿಲ್ಲ, ಸಿಕ್ಕಾಕೊಂಡು ಟೈರ್ ಹೊಗೆ ಬಂತು. ಮುಂದಿನ ವರ್ಷ ಅಕ್ಟೋಬರ್‌ನಲ್ಲಿ ಮತ್ತೆ ಇಟ್ರು, 5 ಗಾಡಿ ಪೂರ್ತಿ ಮುಗಿಸಿದ್ವು, ಸ್ಟ್ಯಾನ್‌ಫರ್ಡ್‌ನ ಸ್ಟ್ಯಾನ್ಲಿ ಅನ್ನೋ ಫೋಕ್ಸ್‌ವ್ಯಾಗನ್ 6 ಗಂಟೆ 54 ನಿಮಿಷಕ್ಕೆ ಗೆದ್ದಿತು. ಒಂದೂವರೆ ವರ್ಷದಲ್ಲಿ 12 ಕಿಲೋಮೀಟರ್‌ನಿಂದ 212ಕ್ಕೆ. ಆ ಟೀಮ್ ನಡೆಸಿದ ಸೆಬಾಸ್ಟಿಯನ್ ಥ್ರನ್ ಅವರನ್ನೇ ಇಟ್ಕೊಂಡು ಗೂಗಲ್ 2009ರಲ್ಲಿ ಪ್ರಾಜೆಕ್ಟ್ ಶುರು ಮಾಡಿದ್ದು, ಅದೇ 2016ರಲ್ಲಿ ವೇಮೋ ಆಯ್ತು.

ಕಾರಿಗೆ ರೋಡು ಹೆಂಗ್ ಕಾಣುತ್ತೆ?

ಮೂರು ಥರದ ಕಣ್ಣು. ಕ್ಯಾಮೆರಾಗೆ ಬಣ್ಣ, ಬೋರ್ಡು, ಸಿಗ್ನಲ್ ಕಾಣುತ್ತೆ, ಆದ್ರೆ ಎದುರು ಬಿಸಿಲು ಬಿದ್ರೆ ನಮ್ಮ ಹಾಗೇ ಕಣ್ಣು ಕಿರಿದು ಮಾಡುತ್ತೆ. ರೇಡಾರ್‌ಗೆ ಮಂಜು ಮಳೆ ಲೆಕ್ಕ ಇಲ್ಲ, ಮುಂದಿನ ಗಾಡಿ ಎಷ್ಟು ಸ್ಪೀಡು ಅಂತ ಕರೆಕ್ಟಾಗಿ ಹೇಳುತ್ತೆ, ಆಕಾರ ಮಾತ್ರ ಮಸುಕು. ಲೈಡಾರ್ ಅಂದ್ರೆ ಲೇಸರ್ ಬಿಟ್ಟು ವಾಪಸ್ ಬರೋಕೆ ಎಷ್ಟೊತ್ತಾಯ್ತು ಅಂತ ಅಳೆದು ಸುತ್ತಮುತ್ತದ್ದೆಲ್ಲ ಚುಕ್ಕಿ ಚುಕ್ಕಿಯಾಗಿ ಬರೆಯೋದು, ಹೆಚ್ಚುಕಮ್ಮಿ ಚುಕ್ಕಿ ರಂಗೋಲಿ ಥರ, ಗೆರೆ ಎಳೆಯೋ ಕೆಲಸ ಸಾಫ್ಟ್‌ವೇರ್‌ದು. ಮೊದಮೊದಲು ವೆಲೊಡೈನ್ ಕಂಪನಿಯ ತಿರುಗೋ ಲೈಡಾರ್ ಒಂದಕ್ಕೇ 75,000 ಡಾಲರ್ ಇತ್ತು, ಕಾರಿಗಿಂತ ಅದರ ಟೋಪಿನೇ ದುಬಾರಿ. ಈಗ ತುಂಬಾ ಇಳಿದಿದೆ. ವೇಮೋ ಹಿಂದಿನ ಜಾಗ್ವಾರ್‌ನಲ್ಲಿ 29 ಕ್ಯಾಮೆರಾ ಇಟ್ಟಿತ್ತು, ಹೊಸ ತಲೆಮಾರಿನದ್ರಲ್ಲಿ 13 ಕ್ಯಾಮೆರಾ, 4 ಲೈಡಾರ್, 6 ರೇಡಾರ್. ಟೆಸ್ಲಾದವರು ಕ್ಯಾಮೆರಾ ಒಂದೇ ಸಾಕು ಅಂತ ಹಠ ಹಿಡಿದಿದ್ದಾರೆ. ನನ್ನ ಅಭಿಪ್ರಾಯ ಕೇಳಿದ್ರೆ, ಒಂದು ಕಣ್ಣು ತಪ್ಪಿದಾಗ ಇನ್ನೊಂದು ಹಿಡೀಲಿ ಅನ್ನೋ ಪಾರ್ಟಿ ನಾನು.

ಆದ್ರೆ ನೋಡೋದು ಸುಲಭದ ಕೆಲಸ ಕಣ್ರಿ. ನೋಡಿದ್ದು ಮುಂದಿನ ಮೂರು ಸೆಕೆಂಡಲ್ಲಿ ಏನು ಮಾಡುತ್ತೆ ಅಂತ ಊಹೆ ಮಾಡೋದ್ರಲ್ಲೇ ಎಲ್ಲರ ಪ್ರಾಣ ಹೋಗೋದು.

ನಮ್ಮ ರೋಡಲ್ಲಿ ಇದು ಆಗೋ ಮಾತಾ?

ನಮ್ಮ ಟ್ರಾಫಿಕ್ಕು ಗಜಿಬಿಜಿ, ರೂಲ್ಸೇ ಇಲ್ಲ, ಅದಕ್ಕೆ ಆಗಲ್ಲ ಅಂತ ಎಲ್ಲರೂ ಹೇಳ್ತಾರೆ. ಅರ್ಧ ನಿಜ. ನಮ್ಮ ಟ್ರಾಫಿಕ್ಕಿಗೂ ರೂಲ್ಸ್ ಇದೆ, ಎಲ್ಲೂ ಬರೆದಿಟ್ಟಿಲ್ಲ ಅಷ್ಟೇ. ಎದುರಿಂದ ಬರೋ ಬಸ್ಸು ಎರಡು ಸಲ ಡಿಮ್ ಡಿಪ್ ಮಾಡಿದ್ರೆ "ನಾನು ನುಗ್ತಿದೀನಿ, ನೀನು ಸೈಡ್‌ಗೆ ಹೋಗು" ಅಂತ, ಅದೇ ಲೈಟನ್ನ ಬೇರೆ ಎಷ್ಟೋ ದೇಶದಲ್ಲಿ "ನೀವು ಮೊದಲು ಹೋಗಿ" ಅಂತ ಹಾಕ್ತಾರೆ. ಮುಂದಿರೋ ಲಾರಿ ಬಲಗಡೆ ಇಂಡಿಕೇಟರ್ ಹಾಕಿದ್ರೆ ಬಲಕ್ಕೆ ತಿರುಗ್ತಾನೋ, ಇಲ್ಲ ಓವರ್‌ಟೇಕ್ ಮಾಡ್ಕೋ ಅಂತಿದಾನೋ, ಕ್ಲೀನರ್ ಕೈ ಆಚೆ ಬಂತಾ ನೋಡಿ ತಿಳ್ಕೋಬೇಕು. ಹಾರನ್‌ನಲ್ಲೇ ಐದಾರು ಅರ್ಥ ಇದೆ. ಇದನ್ನೆಲ್ಲ ನಾವು ಯಾವ ಡ್ರೈವಿಂಗ್ ಸ್ಕೂಲಲ್ಲೂ ಕಲಿತಿಲ್ಲ, ಹಿಂದಿನ ಸೀಟಲ್ಲಿ ಕೂತು ಕೂತು ಕಲಿತಿದ್ದು.

ಒಂದು ಉದಾಹರಣೆ ಕೊಡ್ತೀನಿ. ಕೆಲವು ವರ್ಷದ ಹಿಂದೆ ನನ್ನ ಕೆಲಸ ದಿನಾ ಬೆಂಗಳೂರಿನ ರೋಡಿನ ವಿಡಿಯೋ ನೋಡಿ ಸಾಫ್ಟ್‌ವೇರ್ ಹಾಕಿದ ಡಬ್ಬಿ ಸರಿ ಇದೆಯಾ ಅಂತ ಚೆಕ್ ಮಾಡೋದು. ಪ್ರತಿ ಗಾಡಿ, ಪ್ರತಿ ಮನುಷ್ಯನ ಸುತ್ತ ಒಂದು ಬಣ್ಣದ ಚೌಕ ಇರುತ್ತೆ, ಅದಕ್ಕೆ ಡಬ್ಬಿ ಅಂತೀವಿ. ಒಂದು ಕ್ಲಿಪ್‌ನಲ್ಲಿ ಮನುಷ್ಯ ಅಂತ ಹಳದಿ ಡಬ್ಬಿ ಬಿದ್ದಿದೆ, ಗಂಟೆಗೆ ಮೂವತ್ತು ಕಿಲೋಮೀಟರ್ ಸ್ಪೀಡಲ್ಲಿ ನಮ್ಮ ಮುಂದೆ ಹೋಗ್ತಿದಾನೆ, ನಮ್ಮ ಕಡೆನೇ ಮುಖ ಮಾಡ್ಕೊಂಡು, ಹಿಂದಕ್ಕೆ ಓಡ್ತಾ! ಝೂಮ್ ಮಾಡಿ ನೋಡಿದ್ರೆ ಆಟೋ ಹಿಂದೆ ಅಂಟಿಸಿರೋ ಶಂಕರ್‌ನಾಗ್ ಫೋಟೋ. ಇಡೀ ಟೀಮು ಬಂದು ನೋಡಿ ನಕ್ಕಿದ್ದೇ ನಕ್ಕಿದ್ದು, ನಮ್ಮ ಲೀಡ್ ಒಬ್ರು ಉತ್ತರ ಭಾರತದವರು, ಅವರಿಗೆ ಶಂಕರಣ್ಣ ಯಾರು, ಆಟೋದವರಿಗೆ ಏನಾಗಬೇಕು ಅಂತ ಹೇಳೋಕೇ ಅರ್ಧ ಗಂಟೆ ಹೋಯ್ತು. ಸರ್ಕಲ್‌ಗಳಲ್ಲಿ ನಿಲ್ಲಿಸೋ ಹುಟ್ಟುಹಬ್ಬದ ಫ್ಲೆಕ್ಸ್‌ಗಳದ್ದೂ ಇದೇ ಕಥೆ, ಒಂದೊಂದರಲ್ಲಿ ಇಪ್ಪತ್ತು ತಲೆ.

ಜರ್ಮನಿ ರೋಡಿನ ಫೋಟೋದಲ್ಲಿ ಕಲಿತ ಸಾಫ್ಟ್‌ವೇರ್‌ಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು. ಅದಕ್ಕೇ ಹೈದರಾಬಾದ್ ಐಐಐಟಿ ಮತ್ತು ಇಂಟೆಲ್ ಸೇರಿ 2018ರಲ್ಲಿ ಇಂಡಿಯಾ ಡ್ರೈವಿಂಗ್ ಡೇಟಾಸೆಟ್ ಅಂತ ಹೊರಗೆ ಬಿಟ್ರು, ಹೈದರಾಬಾದ್ ಬೆಂಗಳೂರು ಸುತ್ತಮುತ್ತ ಓಡಾಡಿ ತೆಗೆದ 10,000 ಚಿತ್ರ, 34 ಥರದ ವಸ್ತುಗಳು, ಅದರಲ್ಲಿ ಆಟೋರಿಕ್ಷಾಗೂ ಪ್ರಾಣಿಗಳಿಗೂ ಬೇರೆ ಬೇರೆ ಲೇಬಲ್ ಇದೆ, ರೋಡಿನ ಪಕ್ಕದ ಓಡಿಸಬಹುದಾದ ಮಣ್ಣಿಗೂ ಒಂದು ಲೇಬಲ್ಲು. ಆ ಕೊನೇದು ನೋಡಿದಾಗ ಇದು ನಮ್ಮೋರೇ ಮಾಡಿರೋದು ಅಂತ ಗೊತ್ತಾಯ್ತು.

ಇನ್ನು ಮಂಡ್ಯ ಕಡೆ ಕಬ್ಬು ಕಡಿಯೋ ಟೈಮಲ್ಲಿ ರಾತ್ರಿ ಹೋಗಿ ನೋಡಿ. ಟ್ರ್ಯಾಕ್ಟರ್‌ಗೆ ಎರಡು ಟ್ರೇಲರ್, ರಿಫ್ಲೆಕ್ಟರ್ ಇಲ್ಲ, ಹಿಂದೆ ಐದಾರು ಅಡಿ ಜಲ್ಲೆ ಗಾಳೀಲಿ ಚಾಚಿರುತ್ತೆ. ನನ್ನ ಭಾವನ ಕಾರಿನ ಅಡಾಸ್ ಪರದೆ ಮೇಲೆ ಗಾಡಿ ತೋರಿಸಿದ್ದು ಟ್ರೇಲರ್ ಚಕ್ರದ ಹತ್ರ, ಅಷ್ಟೊತ್ತಿಗೆ ಕಬ್ಬಿನ ತುದಿ ಬಾನೆಟ್ ಮೇಲೆ ಬಂದಿತ್ತು, ಬ್ರೇಕ್ ಹೊಡೆದಿದ್ದು ಭಾವ. ಅದೇ ಕಾರು ಮೈಸೂರು ಎಕ್ಸ್‌ಪ್ರೆಸ್‌ವೇಲಿ ಬೆಣ್ಣೆ ಥರ ಹೋಗುತ್ತೆ, ಯಾಕಂದ್ರೆ 2023ರ ಆಗಸ್ಟ್‌ನಿಂದ ಅಲ್ಲಿ ಮೇನ್ ರೋಡಿಗೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡಲ್ಲ, ಲೇನ್ ಗೆರೆನೂ ಕಾಣುತ್ತೆ. ಹಾಗಾಗಿ ನಮ್ಮಲ್ಲೂ ರಥಬೀದಿ ಸಿಗುತ್ತೆ, ಆದ್ರೆ ಅದು ಎಂಜಿ ರೋಡ್ ಆಗಿರಲ್ಲ, ಇಂಥ ಬೇಲಿ ಹಾಕಿದ ರೋಡು, ಫ್ಯಾಕ್ಟರಿ ಕಾಂಪೌಂಡು, ಕ್ಯಾಂಪಸ್ಸು, ಗಣಿ, ಅಂಥಾ ಕಡೆ ಮೊದಲು.

ಕನೆಕ್ಟೆಡ್ ಕಾರು ಅಂದ್ರೂ ಅದೇನಾ?

ಬೇರೆ. ಕನೆಕ್ಟೆಡ್ ಅಂದ್ರೆ ಕಾರಿನೊಳಗೆ ಸಿಮ್ ಇದೆ ಅಂತ. ಜನರಲ್ ಮೋಟಾರ್ಸ್ 1996ರಲ್ಲೇ ಆನ್‌ಸ್ಟಾರ್ ಅಂತ ತಂದಿತ್ತು, ನಮ್ಮಲ್ಲಿ 2019ರಲ್ಲಿ ಹ್ಯುಂಡೈ ವೆನ್ಯೂ, ಎಂಜಿ ಹೆಕ್ಟರ್ ಬಂದಾಗ ಎಲ್ಲರೂ ಕಾರಿನ ಜೊತೆ ಮಾತಾಡೋಕೆ ಶುರು ಮಾಡಿದ್ರು. ಫೋನಲ್ಲೇ ಎಸಿ ಆನ್ ಮಾಡೋದು, ಗಾಡಿ ಎಲ್ಲಿದೆ ನೋಡೋದು, ಕಾರಿಗೆ ಓಟಿಎ ಅಂದ್ರೆ ನೆಟ್ ಮೂಲಕವೇ ಸಾಫ್ಟ್‌ವೇರ್ ಅಪ್‌ಡೇಟ್ ಬರೋದು ಇದೆಲ್ಲ ಅದೇ.

ಇದರಲ್ಲಿ ನಿಜವಾಗ್ಲೂ ಜೀವ ಉಳಿಸೋ ವಿಷಯಗಳಿಗೆ ಜಾಹೀರಾತು ಇಲ್ಲ. ಯುರೋಪ್‌ನಲ್ಲಿ 2018ರ ಮಾರ್ಚ್ 31ರಿಂದ ಹೊಸ ಮಾಡೆಲ್ ಕಾರುಗಳಿಗೆ ಇ-ಕಾಲ್ ಕಡ್ಡಾಯ, ಜೋರಾಗಿ ಗುದ್ದಿದ್ರೆ ಕಾರೇ 112ಕ್ಕೆ ಫೋನ್ ಮಾಡಿ ಜಾಗ ಹೇಳುತ್ತೆ, ಒಳಗಿರೋರಿಗೆ ಪ್ರಜ್ಞೆ ಇರಲಿ ಬಿಡಲಿ. ನಮ್ಮಲ್ಲಿ ಬಸ್ಸು ಟ್ಯಾಕ್ಸಿಗಳಿಗೆ ಎಐಎಸ್ 140 ಅಂತ ರೂಲ್ ಇದೆ, ಲೊಕೇಶನ್ ಟ್ರ್ಯಾಕರ್ ಜೊತೆ ಪ್ಯಾನಿಕ್ ಬಟನ್. ಮುಂದಿನ ಸಲ ಕ್ಯಾಬ್ ಹತ್ತಿದಾಗ ಕೆಂಪು ಬಟನ್ ಎಲ್ಲಿದೆ ನೋಡ್ಕೊಳ್ಳಿ, ಬಹಳ ಸಲ ಸೀಟ್ ಕವರ್ ಕೆಳಗೆ ಇರುತ್ತೆ.

ಇನ್ನೊಂದು ವಿ2ಎಕ್ಸ್, ಗಾಡಿಗಳು ಒಂದಕ್ಕೊಂದು "ನಾನಿಲ್ಲಿದೀನಿ, ಇಷ್ಟು ಸ್ಪೀಡಲ್ಲಿದೀನಿ, ಬ್ರೇಕ್ ಹೊಡೆದೆ" ಅಂತ ಸೆಕೆಂಡಿಗೆ ಹತ್ತು ಸಲ ರೇಡಿಯೋದಲ್ಲಿ ಕೂಗೋದು. ಘಾಟ್ ತಿರುವಲ್ಲಿ ಎದುರು ಗಾಡಿ ಕಾಣೋಕೆ ಮುಂಚೆ ನಾವು ಹಾರನ್ ಹೊಡೀತೀವಲ್ಲ, ಅದೇ ಐಡಿಯಾ. ತೊಂದರೆ ಏನಂದ್ರೆ ನಿಮ್ಮೊಬ್ಬರ ಕಾರಲ್ಲಿದ್ರೆ ಪ್ರಯೋಜನ ಇಲ್ಲ, ಎದುರಿನವನತ್ರನೂ ಇರಬೇಕು. ಅಮೆರಿಕದಲ್ಲಿ 1999ರಲ್ಲೇ ಇದಕ್ಕೆ ಫ್ರೀಕ್ವೆನ್ಸಿ ಎತ್ತಿಟ್ಟಿದ್ರು, ಯಾರೂ ಅಷ್ಟಾಗಿ ಬಳಸ್ಲಿಲ್ಲ ಅಂತ 2020ರಲ್ಲಿ ಅರ್ಧಕ್ಕಿಂತ ಜಾಸ್ತಿ ಕಿತ್ಕೊಂಡು ವೈಫೈಗೆ ಕೊಟ್ಟುಬಿಟ್ರು.

ಯಾರಾದ್ರೂ ದೂರದಿಂದ ಕಾರು ಹ್ಯಾಕ್ ಮಾಡಬಹುದಾ?

ಮಾಡಿ ತೋರಿಸಿದ್ದಾರೆ. 2015ರಲ್ಲಿ ಚಾರ್ಲಿ ಮಿಲ್ಲರ್, ಕ್ರಿಸ್ ವಾಲಸೆಕ್ ಅನ್ನೋ ಇಬ್ಬರು ಮನೇಲಿ ಲ್ಯಾಪ್‌ಟಾಪ್ ಮುಂದೆ ಕೂತು ಹೈವೇ ಮೇಲೆ ಹೋಗ್ತಿದ್ದ ಜೀಪ್ ಚೆರೋಕಿಯ ಹಾಡಿನ ಸಿಸ್ಟಮ್ ಮೂಲಕ ಒಳಗೆ ನುಗ್ಗಿ ಪವರ್ ಕಡಿದ್ರು. 14 ಲಕ್ಷ ಗಾಡಿ ರೀಕಾಲ್ ಆಯ್ತು. ಕಾರಿನೊಳಗಿನ ಕಂಪ್ಯೂಟರ್‌ಗಳು ಮಾತಾಡೋದು ಕ್ಯಾನ್ ಅನ್ನೋ ತಂತಿ ಮೇಲೆ, ಬಾಷ್ ಕಂಪನಿ 1986ರಲ್ಲಿ ಹೊರಗೆ ತಂದಿದ್ದು, ಆಗ ಕಾರಿಗೆ ಇಂಟರ್ನೆಟ್ ಬರುತ್ತೆ ಅಂತ ಯಾರು ಕನಸು ಕಂಡಿದ್ರು. ಅದು ಜಾತ್ರೆ ಮೈಕ್ ಇದ್ದಂಗೆ, ಯಾರು ಹಿಡ್ಕೊಂಡು ಕೂಗಿದ್ರೂ ಎಲ್ಲರಿಗೂ ಕೇಳುತ್ತೆ, ನೀನ್ಯಾರಪ್ಪ ಅಂತ ಯಾರೂ ಕೇಳಲ್ಲ. ಈಗ ವಿಶ್ವಸಂಸ್ಥೆಯ ಆರ್155 ಅನ್ನೋ ರೂಲು ಬಂದು, 2024ರ ಜುಲೈನಿಂದ ಯುರೋಪ್‌ನಲ್ಲಿ ಮಾರೋ ಹೊಸ ಕಾರಿಗೆಲ್ಲ ಸೈಬರ್ ಸೆಕ್ಯುರಿಟಿ ಲೆಕ್ಕ ಒಪ್ಪಿಸಬೇಕು. ಬೆಂಗಳೂರಲ್ಲಿ ಎಷ್ಟೋ ಹುಡುಗ್ರ ಶನಿವಾರ ಭಾನುವಾರ ಈ ಒಂದು ರೂಲ್ ತಿಂದುಹಾಕಿದೆ, ನಂದೂ ಸೇರಿ.

ನನ್ನ ಮಾಹಿತಿ ಯಾರಿಗೆ ಹೋಗುತ್ತೆ?

ಕಂಪನಿಗೆ. ಎಲ್ಲಿ ಹೋದ್ರಿ, ಎಷ್ಟು ಜೋರಾಗಿ ಬ್ರೇಕ್ ಹೊಡೆದ್ರಿ, ಫೋನ್ ಜೋಡಿಸಿದ್ರೆ ಕಾಂಟ್ಯಾಕ್ಟ್ ಲಿಸ್ಟೂ. 2023ರಲ್ಲಿ ಫೈರ್‌ಫಾಕ್ಸ್ ಬ್ರೌಸರ್ ಮಾಡೋ ಮೊಝಿಲ್ಲಾದವರು 25 ಕಾರ್ ಬ್ರ್ಯಾಂಡ್‌ಗಳ ಪ್ರೈವಸಿ ಪಾಲಿಸಿ ಓದಿದ್ರು, 25ಕ್ಕೆ 25 ಫೇಲು. ಒಂದೇ ಒಂದು ಮಾತು ಕೇಳಿ: ಹಳೇ ಕಾರು ಮಾರೋವಾಗ ಆರ್‌ಸಿ ಟ್ರಾನ್ಸ್‌ಫರ್ ಮಾಡಿದಷ್ಟೇ ಜೋಪಾನವಾಗಿ ಕಾರಿನ ಅಕೌಂಟ್ ಡಿಲೀಟ್ ಮಾಡಿ, ಸ್ಕ್ರೀನ್ ರೀಸೆಟ್ ಮಾಡಿ. ಸೆಕೆಂಡ್ ಹ್ಯಾಂಡ್ ತಗೊಂಡೋರೂ ಹಳೇ ಓನರ್ ಆ್ಯಪ್‌ನಿಂದ ಗಾಡಿ ತೆಗೆದ್ರಾ ಅಂತ ಎದುರಿಗೇ ನೋಡಿ. ನನ್ನ ಫ್ರೆಂಡೊಬ್ಬನಿಗೆ ಮಾರಿ ಆರು ತಿಂಗಳಾದ್ರೂ "ನಿಮ್ಮ ಕಾರಿನ ಡಿಕ್ಕಿ ತೆರೆದಿದೆ" ಅಂತ ಮೆಸೇಜ್ ಬರ್ತಿತ್ತು.

ಮನುಷ್ಯರಿಗಿಂತ ಇವೇ ಸೇಫ್ ಅಂತಾರೆ, ನಿಜನಾ?

ಕುಡಿಯಲ್ಲ, ನಿದ್ದೆ ಮಾಡಲ್ಲ, ಫೋನ್ ನೋಡಲ್ಲ, ಅಷ್ಟು ನಿಜ. ಆದ್ರೆ ಅವು ತಪ್ಪೋ ರೀತಿನೇ ಬೇರೆ, ಮನುಷ್ಯ ಯಾವನೂ ಮಾಡದೇ ಇರೋ ತಪ್ಪು ಮಾಡ್ತವೆ. 2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪಿಯಲ್ಲಿ ಊಬರ್‌ನ ಟೆಸ್ಟ್ ಕಾರು ಸೈಕಲ್ ತಳ್ಕೊಂಡು ರೋಡ್ ದಾಟ್ತಿದ್ದ ಹೆಂಗಸಿಗೆ ಗುದ್ದಿ ಅವರು ತೀರ್ಕೊಂಡ್ರು. ತನಿಖೆ ರಿಪೋರ್ಟ್ ಓದಿದ್ರೆ ಹೊಟ್ಟೆ ಉರಿಯುತ್ತೆ. ಕಾರಿಗೆ ಅವರು 5.6 ಸೆಕೆಂಡ್ ಮುಂಚೆನೇ ಕಂಡಿದ್ರು. ಮೊದಲು ಗಾಡಿ ಅಂದ್ಕೊಂಡಿತು, ಆಮೇಲೆ ಏನೋ ವಸ್ತು, ಆಮೇಲೆ ಸೈಕಲ್ಲು, ಪ್ರತಿ ಸಲ ಹೆಸರು ಬದಲಾದಾಗ ಅದು ಯಾವ ಕಡೆ ಹೋಗ್ತಿತ್ತು ಅನ್ನೋ ಹಿಂದಿನ ಲೆಕ್ಕ ಅಳಿಸಿ ಹೊಸದಾಗಿ ಶುರು. ಸುಮ್ನೆ ಅನಗತ್ಯ ಬ್ರೇಕ್ ಬೀಳುತ್ತೆ ಅಂತ ತುರ್ತು ಬ್ರೇಕನ್ನೂ ಆಫ್ ಮಾಡಿದ್ರು. ಒಳಗೆ ಕೂತಿದ್ದ ಸೇಫ್ಟಿ ಡ್ರೈವರ್ ಫೋನ್ ನೋಡ್ತಿದ್ರು. ಏನು ಅಂತ ಗೊತ್ತಾಗದಿದ್ರೆ ಮೊದಲು ನಿಲ್ಲಿಸು, ಹೆಸರು ಆಮೇಲೆ ಇಡು, ಹಳ್ಳಿ ಟ್ರ್ಯಾಕ್ಟರ್ ಹುಡುಗನಿಗೂ ಇಷ್ಟು ಗೊತ್ತು.

2023ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೇರೆ ಯಾರೋ ಗುದ್ದಿ ಹೋದ ಹೆಂಗಸು ಕ್ರೂಸ್ ಕಂಪನಿಯ ರೋಬೋ ಟ್ಯಾಕ್ಸಿ ಮುಂದೆ ಬಿದ್ರು. ಕಾರು ನಿಲ್ತು. ಆದ್ರೆ ಅಡಿಯಲ್ಲಿ ಮನುಷ್ಯರಿದ್ದಾರೆ ಅಂತ ಅರ್ಥ ಆಗದೆ, ಆಕ್ಸಿಡೆಂಟ್ ಆದ್ರೆ ಸೈಡಿಗೆ ಹೋಗು ಅನ್ನೋ ರೂಲ್ ಪ್ರಕಾರ ಸುಮಾರು 6 ಮೀಟರ್ ಎಳ್ಕೊಂಡು ಹೋಯ್ತು. ಅದೇ ತಿಂಗಳು ಪರ್ಮಿಟ್ ಹೋಯ್ತು, 2024ರ ಡಿಸೆಂಬರ್‌ನಲ್ಲಿ ಜನರಲ್ ಮೋಟಾರ್ಸ್ ಆ ಟ್ಯಾಕ್ಸಿಗೆ ದುಡ್ಡು ಹಾಕೋದೇ ನಿಲ್ಲಿಸ್ತು.

ನಗೋ ಥರದ್ದೂ ಇವೆ. 2024ರ ಆಗಸ್ಟ್‌ನಲ್ಲಿ ಅದೇ ಊರಲ್ಲಿ ಒಂದು ಪಾರ್ಕಿಂಗ್‌ನಲ್ಲಿ ವೇಮೋ ಕಾರುಗಳು ಬೆಳಗಿನ ಜಾವ 4 ಗಂಟೆಗೆ ಒಂದನ್ನ ನೋಡಿ ಇನ್ನೊಂದು ಹಾರನ್ ಹೊಡ್ಕೊಂಡು ಅಕ್ಕಪಕ್ಕದೋರ ನಿದ್ದೆ ಕೆಡಿಸಿದ್ವು. ಒಬ್ಬ ಮನುಷ್ಯನೂ ಇಲ್ಲ, ಬರೀ ಹಾರನ್ನು. ಮೆಜೆಸ್ಟಿಕ್ ನೆನಪಾಯ್ತು.

ಆಕ್ಸಿಡೆಂಟ್ ಆದ್ರೆ ತಪ್ಪು ಯಾರದ್ದು?

ಅಡಾಸ್ ಕಾರಾದ್ರೆ ನಿಮ್ಮದೇ. "ಕಾರು ಬ್ರೇಕ್ ಹೊಡೀಲಿಲ್ಲ ಸಾರ್" ಅಂದ್ರೆ ಸ್ಟೇಷನ್ನಲ್ಲಿ ಯಾರೂ ಒಪ್ಪಲ್ಲ. ಪೂರ್ತಿ ತಾನೇ ಓಡೋ ಕಾರಿಗೆ ಬ್ರಿಟನ್ 2024ರಲ್ಲಿ ಕಾನೂನು ಮಾಡಿ, ಆ ಹೊತ್ತಲ್ಲಿ ಓಡಿಸಿದ ರೀತಿಗೆ ಕೂತಿರೋನು ಅಪರಾಧಿ ಅಲ್ಲ, ಕಂಪನಿ ಹೊಣೆ ಅಂತು. ಜರ್ಮನಿ 2021ರಲ್ಲಿ ಲೆವೆಲ್ 4ಕ್ಕೆ ಕಾನೂನು ಮಾಡ್ತು. ನಮ್ಮ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 2ಬಿ ಅಂತ ಒಂದು ಕಲಂ ಸೇರಿದೆ, ಸಂಶೋಧನೆಗೋಸ್ಕರ ಕೆಲವು ಗಾಡಿಗಳಿಗೆ ಕೇಂದ್ರ ವಿನಾಯ್ತಿ ಕೊಡಬಹುದು, ಅಷ್ಟೇ.

ಡ್ರೈವರ್‌ಗಳ ಹೊಟ್ಟೆ ಪಾಡು?

ಈ ಪ್ರಶ್ನೆ ಕೇಳೋದು ಯಾವಾಗ್ಲೂ ಕ್ಯಾಬ್‌ನೋರೇ, ಮದುವೆ ಮನೆಯೋರಲ್ಲ. ನಿತಿನ್ ಗಡ್ಕರಿ 2017ರಲ್ಲೂ ಹೇಳಿದ್ರು, 2023ರಲ್ಲೂ ಹೇಳಿದ್ರು, ಡ್ರೈವರ್‌ಗಳ ಕೆಲಸ ಹೋಗೋದ್ರಿಂದ ಇಂಥ ಕಾರು ಬಿಡಲ್ಲ ಅಂತ. ನಂಗನ್ನಿಸೋದು, ಮಂತ್ರಿ ಬೇಡ ಅನ್ನೋಕಿಂತ ಮುಂಚೆ ಲೆಕ್ಕನೇ ಬೇಡ ಅನ್ನುತ್ತೆ. ಇಲ್ಲಿ ಒಬ್ಬ ಡ್ರೈವರ್‌ನ ತಿಂಗಳ ಸಂಬಳದ ಮುಂದೆ ಅಷ್ಟೊಂದು ಸೆನ್ಸರ್ ಹಾಕಿದ ಕಾರಿನ ಇಎಂಐ ಇಟ್ಟು ನೋಡಿ. ಅಲ್ಲದೆ ಡ್ರೈವರ್ ಇಲ್ಲ ಅಂದ್ರೂ ಜನ ಇಲ್ಲ ಅಂತಲ್ಲ, ಕಾರು ಗೊಂದಲಕ್ಕೆ ಬಿದ್ರೆ ದೂರದ ಆಫೀಸಲ್ಲಿ ಕೂತೋರು ದಾರಿ ಹೇಳ್ತಾರೆ. 2025ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕರೆಂಟ್ ಹೋಗಿ ಸಿಗ್ನಲ್‌ಗಳೆಲ್ಲ ಆರಿದಾಗ ವೇಮೋಗಳು ಸರ್ಕಲ್ ಮಧ್ಯೆ ನಿಂತುಬಿಟ್ವು, ಸರ್ವೀಸೇ ನಿಲ್ಲಿಸಬೇಕಾಯ್ತು. ನಮ್ಮಲ್ಲಿ ಸಿಗ್ನಲ್ ಆರಿದ್ರೆ ಯಾರೋ ಒಬ್ಬ ಡೆಲಿವರಿ ಹುಡುಗ ಬೈಕ್ ಸ್ಟ್ಯಾಂಡ್ ಹಾಕಿ ಕೈ ಬೀಸ್ತಾನೆ.

ಬೆಂಗಳೂರಲ್ಲಿ ಏನಾದ್ರೂ ನಡೀತಿದೆಯಾ?

ಬಹಳ. ಮರ್ಸಿಡಿಸ್‌ನ ಆರ್ ಅಂಡ್ ಡಿ 1996ರಿಂದ ಇಲ್ಲೇ ಇದೆ, ಬಾಷ್, ಟಾಟಾ ಎಲೆಕ್ಸಿ ಎಲ್ಲಾ ಇದಾರೆ, ಜರ್ಮನಿಯ ಹೈವೇಲಿ ಓಡೋ ಎಷ್ಟೋ ಕೋಡು ವೈಟ್‌ಫೀಲ್ಡ್ ಕಡೆ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡು ಲೇಟಾಗಿ ಬಂದೋರು ಬರೆದಿದ್ದು. ಮೈನಸ್ ಝೀರೋ ಅನ್ನೋ ಇಲ್ಲಿನ ಸ್ಟಾರ್ಟಪ್ 2023ರಲ್ಲಿ ಕ್ಯಾಮೆರಾ ನಂಬಿ ಓಡೋ ಝಡ್‌ಪಾಡ್ ಅನ್ನೋ ಗಾಡಿ ತೋರಿಸ್ತು. ವಿಪ್ರೋ, ಐಐಎಸ್‌ಸಿ, ಆರ್‌ವಿ ಕಾಲೇಜು ಸೇರಿ ಮಾಡಿದ ಕಾರನ್ನ 2025ರಲ್ಲಿ ಕಾಲೇಜ್ ಕ್ಯಾಂಪಸ್ಸಲ್ಲೇ ಓಡಿಸಿದ್ರು, ಉತ್ತರಾದಿ ಮಠದ ಸ್ವಾಮಿಗಳು ಅದರಲ್ಲಿ ಕೂತ ವಿಡಿಯೋ ನಿಮ್ಮ ವಾಟ್ಸಾಪ್‌ಗೂ ಬಂದಿರುತ್ತೆ. ಹೈದರಾಬಾದ್ ಐಐಟಿಯ ಟಿಹಾನ್ ಅನ್ನೋ ಸಂಶೋಧನಾ ಕೇಂದ್ರದಲ್ಲಿ 2022ರಿಂದ ಇದಕ್ಕೇ ಅಂತ ಟೆಸ್ಟ್ ಟ್ರ್ಯಾಕ್ ಇದೆ.

ಮೆಟ್ರೋ ಡ್ರೈವರ್ ಇಲ್ದೆ ಓಡುತ್ತಂತೆ, ಕಾರಿಗೇನು ಕಷ್ಟ?

ಮೆಟ್ರೋ ಹಳಿಗೆ ಹಸು ಬರಲ್ಲ. ಡೆಲ್ಲಿ ಮೆಜೆಂಟಾ ಲೈನ್ 2020ರ ಡಿಸೆಂಬರ್‌ನಿಂದ ಹಾಗೆ ಓಡ್ತಿದೆ. ನಮ್ಮ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದಾಗ ರೈಲಿಗೆ ಆ ತಾಕತ್ತಿದ್ರೂ ಡ್ರೈವರ್ ಕೂರಿಸಿಯೇ ಓಡಿಸಿದ್ರು.

ಕೊನೇದಾಗಿ, ಅಡಾಸ್ ಇರೋ ಕಾರು ತಗೋಬೇಕಾ?

ತಗೊಳ್ಳಿ, ಹೈವೇಲಿ ಜಾಸ್ತಿ ಓಡಾಡೋರಾದ್ರೆ ಖಂಡಿತ. ಆಟೋಮ್ಯಾಟಿಕ್ ಬ್ರೇಕ್ ಒಂದು ಸಲ ಕೆಲಸಕ್ಕೆ ಬಂದ್ರೂ ದುಡ್ಡು ವಸೂಲ್. ಸಿಟಿ ಒಳಗೆ ಲೇನ್ ಅಸಿಸ್ಟ್ ಆಫ್ ಮಾಡಿ, ಇಲ್ಲಾಂದ್ರೆ ಗುಂಡಿ ತಪ್ಪಿಸೋಕೆ ಹೋದಾಗೆಲ್ಲ ಸ್ಟೇರಿಂಗ್ ಎದುರು ಜಗ್ಗುತ್ತೆ. ಮುಂದಿನ ಗ್ಲಾಸ್ ಒಡೆದು ಹೊಸದು ಹಾಕ್ಸಿದ್ರೆ ಕ್ಯಾಮೆರಾ ಕ್ಯಾಲಿಬ್ರೇಷನ್ ಮಾಡಿಸಿದ್ರಾ ಅಂತ ಬಿಲ್‌ನಲ್ಲಿ ನೋಡಿ. ಫಾಸ್ಟ್ಯಾಗ್ ಕ್ಯಾಮೆರಾ ಮುಂದೆ ಅಂಟಿಸಬೇಡಿ.

ಇನ್ನು ಆಯುಧ ಪೂಜೆ. ಚಿಕ್ಕಪ್ಪ ಹೋದ ವರ್ಷ ಹೊಸ ಕಾರಿಗೆ ಗ್ಲಾಸ್ ಮೇಲೆ ಸರಿಯಾಗಿ ಕ್ಯಾಮೆರಾ ಮುಂದೆನೇ ವಿಭೂತಿ ಪಟ್ಟೆ ಎಳೆದು, ನಡುವೆ ಕುಂಕುಮ ಇಟ್ಟು, ಗ್ರಿಲ್ ತುಂಬಾ ಚೆಂಡು ಹೂವಿನ ಹಾರ, ಅದರ ಮೇಲೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ರು, ರೇಡಾರ್ ಇರೋದು ಅದೇ ಗ್ರಿಲ್ ಹಿಂದೆ. ನಿಂಬೆಹಣ್ಣು ತುಳಿಸಿ ಗೇಟ್ ದಾಟೋಕೆ ಮುಂಚೆನೇ ಡ್ಯಾಶ್‌ಬೋರ್ಡಲ್ಲಿ ಮೂರು ಲೈಟ್ ಹತ್ಕೊಂಡು ಕೀಂ ಕೀಂ ಅನ್ನೋಕೆ ಶುರುವಾಯ್ತು. ನಾನು ಒದ್ದೆ ಬಟ್ಟೆ ತಗೊಂಡು ವರೆಸೋಕೆ ಹೋದ್ರೆ ಚಿಕ್ಕಮ್ಮ ಕೈ ಹಿಡಿದು "ಸಂಜೆ ತನಕ ಮುಟ್ಟಬೇಡ ಕಣೋ" ಅಂದ್ರು. ಸಂಜೆ ತನಕ ಚಿಕ್ಕಪ್ಪನೇ ಓಡಿಸಿದ್ರು.